ಅಪ್‌ಡೇಟ್: ಕಿಮ್ಚಿ ಚೀಸ್ ಡಿಪ್ ಈ ಬಾರಿ ನೀರು ಬಿಡಲಿಲ್ಲ

ಕಿಮ್ಚಿ (ಕೊರಿಯಾದ ಹುದುಗಿಸಿದ ತರಕಾರಿ, ಹೆಚ್ಚಾಗಿ ಎಲೆಕೋಸು) ಹಾಕಿದ ಬಿಸಿ ಚೀಸ್ ಡಿಪ್ ಏಕೆ ನೀರು ಬಿಡುತ್ತದೆ ಎಂದು ಕಳೆದ ವಾರ ಕೇಳಿದ್ದೆ. ನೀವು ಹೇಳಿದಂತೆ ಒಂದು ಕಪ್ ಹುಳಿ ಬಂದ ಕಿಮ್ಚಿಯನ್ನು ಗಟ್ಟಿಯಾಗಿ ಹಿಂಡಿ, ಸಣ್ಣಗೆ ಹೆಚ್ಚಿ, ತೇವ ಆರುವವರೆಗೆ ಬೆಣ್ಣೆಯಲ್ಲಿ ಹುರಿದೆ. ಗುಟ್ಟೆಲ್ಲ ಅಲ್ಲೇ ಇತ್ತು! ಹುಳಿಯ ಚುರುಕು ತಗ್ಗಿ ಎಂಥ ಘಮ ಬಂತು! 200 ಗ್ರಾಂ ಕ್ರೀಮ್ ಚೀಸ್, ಒಂದು ಚಮಚ ಗೋಚುಜಾಂಗ್ (ಕೊರಿಯಾದ ಹುದುಗಿಸಿದ ಮೆಣಸಿನಕಾಯಿ ಪೇಸ್ಟ್) ಬೆರೆಸಿ, ಮೇಲೆ ಮೊಝರೆಲ್ಲಾ ಉದುರಿಸಿ, ಓವನ್‌ನಲ್ಲಿ 180 ಡಿಗ್ರಿಯಲ್ಲಿ 20 ನಿಮಿಷ ಇಟ್ಟೆ. ಬೇರೆ ಉಪ್ಪು ಬೇಕಾಗಲಿಲ್ಲ.

ಕಿಮ್ಚಿಯಲ್ಲಿ ಸಾಮಾನ್ಯವಾಗಿ ಉಪ್ಪು ಹಾಕಿದ ಸೀಗಡಿ ಅಥವಾ ಮೀನಿನ ಸಾಸ್ ಇರುತ್ತದೆ ಎಂದು ಎಚ್ಚರಿಸಿದವರಿಗೆ ವಿಶೇಷ ಧನ್ಯವಾದ. ಅಕ್ಕ, ಭಾವ ಸಸ್ಯಾಹಾರಿಗಳು. ಅವರಿಗೆಂದೇ ಮೆಕ್ಕೆಜೋಳದ ಕಾಳು, ಮಯೋನೀಸ್, ಚೀಸ್ ಸೇರಿಸಿ ಕೊರಿಯಾದ ಕಾರ್ನ್ ಚೀಸ್ ಮಾಡಿದೆ. ಎರಡೂ ಬಟ್ಟಲುಗಳು ಖಾಲಿಯಾದವು.