ಗೇಮ್ ಎಳೆಯುತ್ತದೆಯೋ, ಮುಗ್ಗರಿಸುತ್ತದೆಯೋ?

ಗೆಳೆಯರೇ, ‘ದಿ ವಿಚರ್ 3’ ಗೇಮನ್ನು ನಿಂಟೆಂಡೊ ಸ್ವಿಚ್ ಮತ್ತು ಸ್ಟೀಮ್ ಡೆಕ್ ಅನ್ನುವ, ಕೈಯಲ್ಲಿ ಹಿಡಿದು ಆಡುವ ಎರಡು ಗೇಮ್ ಯಂತ್ರಗಳಲ್ಲೂ ಆಡಿ, ಹೋಲಿಸಿ ಬರೆಯುತ್ತಿದ್ದೇನೆ. ಯಂತ್ರಗಳ ವಿವರ ಬರೆಯುವುದು ಸುಲಭ. ಆಡುವಾಗ ಕಣ್ಣಿಗೆ ಕಾಣುವ ತೊಂದರೆಗಳನ್ನು ಬೇರೆಬೇರೆಯಾಗಿ ಹೇಳುವ ಮಾತು ಬೇಕಾಗಿದೆ.

ಮೊದಲು ‘ಓಡು’. ‘ಈ ಗೇಮ್ ಸ್ವಿಚ್‌ನಲ್ಲಿ ಚೆನ್ನಾಗಿ ಓಡುತ್ತದೆ’ ಅಂದರೆ, ಸಿನಿಮಾ ನೂರು ದಿನ ಓಡಿತು ಅಂತ ಹೇಳುವ ನಮಗೆ ಅದು ಚೆನ್ನಾಗಿ ಮಾರಾಟವಾಗಿದೆ ಅನ್ನಿಸಬಹುದು. ‘ನಡೆಯುತ್ತದೆ’ ಅಂದರೆ ‘ಪರವಾಗಿಲ್ಲ, ಹೇಗೋ ನಡೆಯುತ್ತೆ’ ಅನ್ನುವ ಅರ್ಥ ಇಣುಕುತ್ತದೆ. ಮೋಟರ್ ಓಡುತ್ತದೆ, ಗಡಿಯಾರ ಓಡುತ್ತದೆ. ಹಾಗಾಗಿ ‘ಓಡು’ ಇರಲಿ ಅಂತ ಬಿಟ್ಟಿದ್ದೇನೆ.

ಸ್ವಿಚ್‌ಗೆ ಈ ಗೇಮ್ ಬಂದದ್ದು 2019ರಲ್ಲಿ. ಅದರ ಪರದೆಯಲ್ಲಿ ಚುಕ್ಕಿಗಳ (ಪಿಕ್ಸೆಲ್) 720 ಸಾಲು ಇದ್ದರೂ ಕೈಯಲ್ಲಿ ಹಿಡಿದು ಆಡುವಾಗ ಗೇಮ್ ಸುಮಾರು 540 ಸಾಲಿನ ಚಿತ್ರ ಬರೆದು ಅದನ್ನೇ ಹಿಗ್ಗಿಸಿ ತೋರಿಸುತ್ತದೆ. ದೂರದ ಮರಗಿಡ ಕಲಸಿದಂತೆ ಕಾಣುತ್ತದೆ. ಡೆಕ್‌ನಲ್ಲಿ ಪರದೆಯ 800 ಸಾಲೂ ಸಿಗುತ್ತವೆ. ಈ ವ್ಯತ್ಯಾಸ ಹೇಳಲು ‘ಮಸುಕು’, ‘ಸ್ಪಷ್ಟ ಚಿತ್ರ’ ಸಾಕು.

ಕಷ್ಟ ಇರುವುದು ವೇಗದಲ್ಲಿ. ಸ್ವಿಚ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್, ಅಂದರೆ ಒಂದರ ಹಿಂದೊಂದು ಬರುವ 30 ಬಿಡಿ ಚಿತ್ರ, ಮಿತಿ. ಗೇಮ್‌ನೊಳಗಿನ ನೊವಿಗ್ರಾಡ್ ಊರಿನ ಜನಸಂದಣಿಯಲ್ಲಿ ಕುದುರೆ ಓಡಿಸಿದರೆ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಇದನ್ನು ‘ಎಳೆಯುತ್ತದೆ’ ಅನ್ನಬಹುದು ಅಲ್ವಾ? ಆಡುವ ಹುಡುಗರು ‘ಲ್ಯಾಗ್ ಹೊಡೀತಿದೆ’, ‘ಸ್ಟ್ರಕ್ ಆಯ್ತು’ ಅಂತಾರೆ. ಆದರೆ ‘ಸ್ಟ್ರಕ್’ ಅಂದರೆ ಪೂರ್ತಿ ನಿಂತೇಹೋಯಿತು ಅಂತಲೂ ಆಗುತ್ತದೆ. ‘ಲ್ಯಾಗ್’ ಅನ್ನು ನೆಟ್ ನಿಧಾನವಾದಾಗಲೂ ಹೇಳುತ್ತಾರೆ. (‘ಫ್ರೇಮ್’ಗೆ ‘ಚೌಕಟ್ಟು’ ಬೇಡ ಅನ್ನುವುದು ನನ್ನ ಅಭಿಪ್ರಾಯ. ಚೌಕಟ್ಟು ಚಿತ್ರದ ಅಂಚು, ಚಿತ್ರ ಅಲ್ಲ.)

ನನಗೆ ಮುಖ್ಯವಾಗಿ ಬೇಕಾಗಿರುವ ಪದ ಇನ್ನೊಂದು. 30 ಫ್ರೇಮ್ ಸರಿಯಾಗಿ ಬಂದರೆ ಪ್ರತಿಯೊಂದೂ 33.3 ಮಿಲಿಸೆಕೆಂಡ್ ಪರದೆಯ ಮೇಲೆ ಇರುತ್ತದೆ. ಕೆಲವು ಸಲ ಹಾಗಾಗುವುದಿಲ್ಲ. ಒಂದು ಫ್ರೇಮ್ 16.7 ಮಿಲಿಸೆಕೆಂಡ್‌ನಲ್ಲೇ ಹೋಗಿಬಿಡುತ್ತದೆ, ಮುಂದಿನದು 50 ಇರುತ್ತದೆ. ಸೆಕೆಂಡಿನ ಲೆಕ್ಕ ಹಾಕಿದರೆ ಆಗಲೂ 30ಕ್ಕೆ 30. ಫ್ರೇಮ್ ಎಣಿಸಿ ಪರದೆಯ ಮೂಲೆಯಲ್ಲಿ ತೋರಿಸುವ ಅಂಕಿ ಅಲ್ಲಾಡುವುದೇ ಇಲ್ಲ. ಆದರೆ ಕ್ಯಾಮೆರಾ ತಿರುಗಿಸಿದರೆ ಗೋಡೆ, ಬೇಲಿ ಎಲ್ಲ ತಟಕ್ ತಟಕ್ ಅಂತ ಜರುಗುತ್ತವೆ. ಇದು ಎಳೆತ ಅಲ್ಲ, ಇಳಿತವೂ ಅಲ್ಲ. ‘ಏರುಪೇರು’ ಅಂದರೆ ಓದುವವರು ಅಂಕಿಯೇ ಏರಿಳಿಯಿತು ಅಂದುಕೊಳ್ಳುತ್ತಾರೆ.

ಸದ್ಯಕ್ಕೆ ‘ಲಯ ತಪ್ಪುತ್ತದೆ’ ಅಂತ ಬರೆದಿದ್ದೇನೆ. ತಾಳದಲ್ಲಿ ಪೆಟ್ಟುಗಳ ಸಂಖ್ಯೆ ಸರಿಯಿದ್ದೂ ನಡುವಿನ ಅಂತರ ಕೆಟ್ಟಾಗ ನಾವು ಹೇಳುವುದು ಅದನ್ನೇ. ಎಲ್‌ಸಿಡಿ ಪರದೆಯ ಡೆಕ್‌ನಲ್ಲಿ ಪರದೆಯನ್ನೇ 40 ಹರ್ಟ್ಸ್‌ಗೆ (ಸೆಕೆಂಡಿಗೆ 40 ಸಲ ಚಿತ್ರ ಬದಲಿಸುವಂತೆ) ಇಳಿಸಿ, ಗೇಮನ್ನೂ 40 ಫ್ರೇಮ್‌ಗೆ ಮಿತಿಗೊಳಿಸಬಹುದು. ಆಗ ಪ್ರತಿ ಫ್ರೇಮ್‌ಗೂ 25 ಮಿಲಿಸೆಕೆಂಡ್. ಇದು 30 ಫ್ರೇಮ್‌ನ 33.3 ಮತ್ತು 60 ಫ್ರೇಮ್‌ನ 16.7ರ ಸರಿಯಾಗಿ ನಡುವೆ ಬರುತ್ತದೆ. ಎರಡೂ ಯಂತ್ರ ಇಟ್ಟುಕೊಂಡು ಆಡಿದವರಿಗೆ ಇದರ ಸುಖ ಗೊತ್ತು. ಇದನ್ನು ‘ಲಯ ಹಿಡಿದು ಓಡುತ್ತದೆ’ ಅಂತ ಬರೆಯಬಹುದು, ಚೆನ್ನಾಗಿಯೂ ಕೇಳಿಸುತ್ತದೆ.

ಒಂದೇ ಅನುಮಾನ. ‘ಲಯ’ಕ್ಕೆ ನಾಶ ಅನ್ನುವ ಅರ್ಥವೂ ಇದೆ, ಸಂಗೀತ ಗೊತ್ತಿಲ್ಲದವರಿಗೆ ತೊಡಕಾದೀತೇ? ಅದರ ಬದಲು ‘ಮುಗ್ಗರಿಸು’ ಅಥವಾ ‘ತಡವರಿಸು’ ಹೊಂದುತ್ತದೆಯೇ? ನನಗೆ ‘ಮುಗ್ಗರಿಸು’ ಅಂದರೆ ಒಂದು ಸಲ ಎಡವಿದಂತೆ, ‘ತಡವರಿಸು’ ಅಂದರೆ ಬಿಟ್ಟುಬಿಟ್ಟು ಆಗುವಂತೆ ಕೇಳಿಸುತ್ತದೆ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಬಸ್ಸೋ ಪಂಪೋ ಹೀಗೆ ತಟಕ್ ತಟಕ್ ಅಂತ ಓಡಿದಾಗ ಏನಂತೀರಿ? ಆ ಮಾತು ಗೇಮ್‌ಗೂ ಒಪ್ಪುತ್ತದೆಯೇ, ತಿಳಿಸಿ.