ಅಪ್‌ಡೇಟ್: ರೇಷ್ಮೆ ಸಂಶೋಧಕರ ಆನ್‌ಲೈನ್ ಡೈರೆಕ್ಟರಿ

ಮೈಸೂರು, ಮಂಡ್ಯ ಭಾಗದಲ್ಲಿ ರೇಷ್ಮೆ ಕುರಿತು ಸಂಶೋಧನೆ ನಡೆಸುತ್ತಿರುವವರ ಆನ್‌ಲೈನ್ ಡೈರೆಕ್ಟರಿಯಲ್ಲಿ ಒಂದೇ ಹೆಸರಿನವರನ್ನು ಬೇರ್ಪಡಿಸುವುದು ಹೇಗೆಂದು ಈ ಹಿಂದೆ ಕೇಳಿದ್ದೆ. ಉತ್ತರಿಸಿದವರೆಲ್ಲರಿಗೂ ವಂದನೆಗಳು.

ನಮ್ಮಲ್ಲಿ ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್‌ಗಳು ಒಂದು ಪ್ರಬಂಧದಲ್ಲಿ ಹೆಸರಿಗೆ ಮೊದಲು, ಇನ್ನೊಂದರಲ್ಲಿ ಹೆಸರಿನ ನಂತರ ಅಚ್ಚಾಗುವುದರಿಂದ ಒಬ್ಬರೇ ಮಂಜುನಾಥ್ ಮೂವರಾಗಿ ಕಾಣಿಸುವುದುಂಟು. ಆದ್ದರಿಂದ ಹೆಸರನ್ನು ನೆಚ್ಚಿಕೊಳ್ಳದೆ, ಪ್ರತಿ ಸಂಶೋಧಕರಿಗೂ ಪ್ರತ್ಯೇಕ ಗುರುತು ನೀಡುವ, 2012ರಲ್ಲಿ ಆರಂಭವಾದ ಆರ್ಕಿಡ್ (ORCID) ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯ 16 ಸ್ಥಾನಗಳ ಗುರುತಿನ ಸಂಖ್ಯೆಯನ್ನೇ ಪ್ರತಿ ದಾಖಲೆಗೂ ಆಧಾರವಾಗಿಸಿದ್ದೇನೆ. ಅದರ ಕೊನೆಯ ಸ್ಥಾನವನ್ನು ಮೊದಲ 15 ಅಂಕಿಗಳಿಂದಲೇ ಲೆಕ್ಕಹಾಕಲಾಗುವುದರಿಂದ ಟೈಪಿಂಗ್ ತಪ್ಪುಗಳು ಫಾರಂ ತುಂಬುವಾಗಲೇ ಬಹುಮಟ್ಟಿಗೆ ಸಿಕ್ಕಿಬೀಳುತ್ತವೆ. ಲೆಕ್ಕ 10 ಬಂದಾಗ ಅಲ್ಲಿ ಎಕ್ಸ್ ಅಕ್ಷರವಿರುತ್ತದೆ; ಹಾಗಾಗಿ ಆ ಕಾಲಂ ಅನ್ನು ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ ಉಳಿಸಬೇಕು.

ಹಿಪ್ಪುನೇರಳೆ ತಳಿ, ಹುಳುವಿನ ರೋಗ, ನೂಲು ಬಿಚ್ಚಾಣಿಕೆ ಮುಂತಾದ ವಿಭಾಗಗಳಲ್ಲಿ ಒಬ್ಬರನ್ನೇ ಒಂದಕ್ಕಿಂತ ಹೆಚ್ಚು ಕಡೆ ಸೇರಿಸಬಹುದು. ಮೊಬೈಲ್ ಸಂಖ್ಯೆಯನ್ನು ಸಂಬಂಧಪಟ್ಟವರು ಲಿಖಿತವಾಗಿ ಒಪ್ಪಿದರೆ ಮಾತ್ರ ತೋರಿಸುತ್ತೇನೆ. ನಿವೃತ್ತರನ್ನು ಕೈಬಿಡಬೇಕೆಂಬ ಸಲಹೆಯನ್ನು ಮಾತ್ರ ನಾನು ಒಪ್ಪಲಿಲ್ಲ, ಏಕೆಂದರೆ ಹಳೆಯ ತಳಿಗಳ ವಿವರ ಬೇಕಾದಾಗ ರೈತರೂ ವಿದ್ಯಾರ್ಥಿಗಳೂ ಹುಡುಕಿಕೊಂಡು ಹೋಗುವುದು ಅವರನ್ನೇ. ಆರ್ಕಿಡ್ ಸಂಖ್ಯೆ ಇಲ್ಲದವರು ಅವರಲ್ಲೇ ಹೆಚ್ಚಾಗಿರುವುದರಿಂದ, ಅವರ ದಾಖಲೆಗಳನ್ನು ಪ್ರಬಂಧಗಳೊಂದಿಗೆ ಒಂದೊಂದಾಗಿ ತಾಳೆ ನೋಡುವ ಕೆಲಸ ಈಗ ಸಾಗಿದೆ.