ಪದ ಬೇಕಿದೆ: ವಿ-ಟೇಲ್, ರಡರ್‌ವೇಟರ್ (ತುರ್ತು)

ಪ್ರಶ್ನೆ:
ವಿಮಾನದ ಬಾಲಗಳ ಫಲಕ ನಾಳೆ ಅಚ್ಚಿಗೆ ಹೋಗಬೇಕು. ವಿ-ಟೇಲ್‌ಗೆ 'ಕವಲುಬಾಲ', ರಡರ್‌ವೇಟರ್‌ಗೆ 'ಜೋಡಿ ಚುಕ್ಕಾಣಿ' ಎಂದು ಬರೆದಿದ್ದೇನೆ. (ಮಾಮೂಲಿ ಬಾಲದಲ್ಲಿ ನಿಂತ ಹಲಗೆ ಒಂದು, ಮಲಗಿದವು ಎರಡು; ವಿ-ಟೇಲ್‌ನಲ್ಲಿ ಇಂಗ್ಲಿಷ್ V ಆಕಾರದ ಎರಡೇ. ಮೂತಿ ಪಕ್ಕಕ್ಕೆ ತಿರುಗಿಸುವ ರಡರ್, ಏರಿಳಿಸುವ ಎಲಿವೇಟರ್ ಎರಡರ ಕೆಲಸವನ್ನೂ ಮಾಡುವ, ಅದರ ಹಿಂದಂಚಿನ ಆಡುವ ಹಲಗೆಯೇ ರಡರ್‌ವೇಟರ್.) ಕೆಳಗಿನ ಸಾಲು: 'ಮೂರರ ಬದಲು ಎರಡೇ ರೆಕ್ಕೆ, ಹಾಗಾಗಿ ಗಾಳಿಯ ಎಳೆತ ಕಡಿಮೆ.' ಸರಿಯೇ?

ಉತ್ತರ 1:
ಎರಡು ಪದವೂ ತಪ್ಪು. ಕವಲುಬಾಲ ಕಾಜಾಣದ್ದು, ಮಟ್ಟಸವಾಗಿ ಮಲಗಿ ತುದಿ ಸೀಳಿದ್ದು. ವಿ-ಟೇಲ್ ಇರುವ ಸಣ್ಣ ವಿಮಾನ ಬೊನಾನ್ಜಾ 35ರ ಬಾಲದ ಎರಡು ಹಲಗೆಗಳು ಓರೆಯಾಗಿ ಮೇಲೆದ್ದು ನಿಂತಿವೆ. ಜೋಡಿ ಚುಕ್ಕಾಣಿ ಇರುವುದು ಎ-10 ಯುದ್ಧವಿಮಾನಕ್ಕೆ. ಅದರ ಎಲಿವೇಟರ್ ಬೇರೆಯೇ ಇದೆ. ರಡರ್‌ವೇಟರ್‌ನಲ್ಲಿ ಎರಡೂ ಆಡುವ ಹಲಗೆ ಒಟ್ಟಿಗೆ ಮೇಲೆದ್ದರೆ ಮೂತಿ ಏರುತ್ತದೆ, ಒಂದು ಮೇಲೆ ಒಂದು ಕೆಳಗೆ ಹೋದರೆ ಮೂತಿ ಪಕ್ಕಕ್ಕೆ ಹೊರಳುತ್ತದೆ. ಇದಕ್ಕೆ 'ಏರುಚುಕ್ಕಾಣಿ', ವಿ-ಟೇಲ್‌ಗೆ 'ವಿ-ಬಾಲ' ಎನ್ನಿ.

ಉತ್ತರ 2:
ಕವಲುಬಾಲ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ್ದು. ಬಾಲ ಸಂಸ್ಕೃತದ 'ವಾಲ'. ತೋಕೆ ಎನ್ನಬೇಕು. ಅಚ್ಚಗನ್ನಡದ ಚುಕ್ಕಾಣಿ ಇರಲಿ.

ಉತ್ತರ 1:
ತಮಿಳಿನ 'ವಾಲ್' ನೋಡಿ. ವರು-ಬರು, ವಾಯ್-ಬಾಯಿ ಆದ ಹಾಗೆ ವಾಲ್-ಬಾಲ. ನಿಮ್ಮ ಅಚ್ಚಗನ್ನಡದ ಚುಕ್ಕಾಣಿಯೇ ಅರಬ್ಬಿಯ 'ಸುಕ್ಕಾನ್'! ಕಡಲಿನವರಿಂದ ಬಂದ ಪದ, ಚೆನ್ನಾಗಿ ಬೇರೂರಿದೆ. ಅರಬ್ಬಿ ಪದ ಇರಬಹುದು, ಇಂಗ್ಲಿಷಿನ ರಡರ್ ಮಾತ್ರ ಬೇಡ ಎನ್ನುವುದು ಯಾವ ನ್ಯಾಯ?

ಉತ್ತರ 3:
ಪದಕ್ಕಿಂತ ಕೆಳಗಿನ ಸಾಲು ಕೆಟ್ಟಿದೆ. ಅಷ್ಟೇ ಸ್ಥಿರತೆ ಬೇಕೆಂದರೆ ಆ ಎರಡನ್ನೇ ದೊಡ್ಡದು ಮಾಡಬೇಕು. ಒಟ್ಟು ವಿಸ್ತೀರ್ಣ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಉಳಿತಾಯವಾಗುವುದು ಹಲಗೆಗಳು ಒಡಲಿಗೆ ಸೇರುವ ಮೂಲೆಗಳಲ್ಲಿನ ಎಳೆತ ಮಾತ್ರ. ಅದಕ್ಕೆ ಬೆಲೆಯೂ ಇದೆ: ಪೈಲಟ್‌ನ ಸ್ಟಿಕ್ ಮತ್ತು ಪೆಡಲ್‌ಗಳ ಚಲನೆಯನ್ನು ಬೆರೆಸುವ ಜೋಡಣೆ ಬೇಕು, ಬಲಕ್ಕೆ ಚುಕ್ಕಾಣಿ ಕೊಟ್ಟರೆ ವಿಮಾನ ಎಡಕ್ಕೆ ವಾಲುತ್ತದೆ. ಬಾಲವನ್ನು ಎಡಕ್ಕೆ ತಳ್ಳುವ ಗಾಳಿಯ ಒತ್ತಡ ಬೀಳುವುದು ಒಡಲಿನ ಮೇಲುಗಡೆಯಲ್ಲವೇ, ಅದಕ್ಕೆ. ಪ್ರಿಡೇಟರ್ ಡ್ರೋನ್‌ನಲ್ಲಿ ವಿ ತಲೆಕೆಳಗು. ಆಗ ವಾಲುವುದು ತಿರುವಿನ ಕಡೆಗೇ, ಆದರೆ ನೆಲ ಬಿಡುವಾಗ ಬಾಲದ ತುದಿ ತಗಲುವ ಭಯ. ಫಲಕದಲ್ಲಿ ಪಕ್ಕಕ್ಕೆ ಟಿ-ಬಾಲ (ಮಲಗಿದ ಹಲಗೆ ನಿಂತ ಹಲಗೆಯ ತುದಿಯಲ್ಲಿರುವುದು) ಇದ್ದರೆ ಒಂದು ಮಾತು ಸೇರಿಸಿ: ಮೂತಿ ತೀರಾ ಎತ್ತಿದಾಗ ರೆಕ್ಕೆಯ ಕದಡಿದ ಗಾಳಿ ಎತ್ತರದ ಎಲಿವೇಟರನ್ನು ಮುಚ್ಚುತ್ತದೆ, ಮೂತಿ ಇಳಿಸಲು ಹಿಡಿತವೇ ಸಿಗುವುದಿಲ್ಲ. 1963ರಲ್ಲಿ ಬಿಎಸಿ ಒನ್-ಇಲೆವೆನ್ ಎಂಬ ಪ್ರಯಾಣಿಕ ಜೆಟ್ ಪರೀಕ್ಷಾ ಹಾರಾಟದಲ್ಲಿ ಬಿದ್ದದ್ದು ಹೀಗೆ.

ಉತ್ತರ 2:
'ವಿ-ಬಾಲ' ಎಂದು ಕನ್ನಡ ಲಿಪಿಯಲ್ಲಿ ಬರೆದರೆ ಯಾವ ಆಕಾರ ಕಾಣುತ್ತದೆ? 'ವಿ' ಅಕ್ಷರ ನೋಡಿ. ಎರವಲು ತರುವವರು ಇದಕ್ಕೆ ಉತ್ತರ ಕೊಡಲಿ.

ಪ್ರಶ್ನೆ:
ಆ ಮಾತು ಒಪ್ಪುತ್ತೇನೆ, ಪದದ ಪಕ್ಕದಲ್ಲೇ ರೇಖಾಚಿತ್ರ ಹಾಕುತ್ತೇನೆ. 'ವಿ-ಬಾಲ', 'ಏರುಚುಕ್ಕಾಣಿ' ಅಚ್ಚಿಗೆ ಹೋಗುತ್ತಿವೆ. ಎಳೆತದ ಸಾಲು ತೆಗೆದೆ.